ಮಳೆ ರಜೆಯ ಬೀಗ

ನನ್ನ ಮೇಜಿನ ಮೇಲೆ ಒಂದು ಬೀಗವಿದೆ. ಕಬ್ಬಿಣದ್ದು, ಅಂಗೈ ತುಂಬುವಷ್ಟು ದಪ್ಪನೆಯದು. ಕೊಂಡಿಯನ್ನು ಗರಗಸದಲ್ಲಿ ಕೊಯ್ದು ತೆಗೆದಿರುವುದರಿಂದ ಇನ್ನು ಯಾವ ಬಾಗಿಲಿಗೂ ಅದು ಆಗಿಬರುವಂತಿಲ್ಲ. ಆದರೂ ಎಸೆದಿಲ್ಲ. ಹೊಳೆಯ ಕಡೆಯಿಂದ ಬೀಸುವ ಗಾಳಿಗೆ ನಮ್ಮ ಶಾಲೆಯ ಕಾಗದಪತ್ರಗಳೆಲ್ಲ ಹಾರಿ ಅಡುಗೆಕೋಣೆಯ ತನಕ ಹೋಗಿ ಸಾರಿನ ಪಾತ್ರೆಯಲ್ಲಿ ಬಿದ್ದ ಪ್ರಸಂಗಗಳೂ ಇರುವುದರಿಂದ, ಮಕ್ಕಳ ಸುರಕ್ಷತೆಯ ಬಗ್ಗೆ ಬಂದ ಸುತ್ತೋಲೆಗಳನ್ನೆಲ್ಲ ಒಟ್ಟುಮಾಡಿ ಅವುಗಳ ಮೇಲೆ ಈ ಬೀಗವನ್ನು ಹೇರಿಟ್ಟಿದ್ದೇನೆ. ಬಾಗಿಲ ಮೇಲಿದ್ದಾಗ ಮಾಡಿದ್ದಕ್ಕಿಂತ ಹೆಚ್ಚಿನ ಉಪಕಾರವನ್ನು ಅದು ಈಗ ಮಾಡುತ್ತಿದೆ.

ನಮ್ಮದು ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ತದಡಿಯ ದೋಣಿಗಳ ಸದ್ದು ಗಾಳಿ ತಿರುಗಿದಾಗ ಕೇಳಿಸುವಷ್ಟು ದೂರದಲ್ಲಿರುವ ಒಂದು ಸಣ್ಣ ಕಿರಿಯ ಪ್ರಾಥಮಿಕ ಶಾಲೆ. ಎರಡು ಕೋಣೆ, ಒಂದು ಉದ್ದನೆಯ ಜಗಲಿ, ಹಿಂದೆ ತಗಡಿನ ಮಾಡಿನ ಅಡುಗೆಕೋಣೆ. ನಾನು ಇಲ್ಲಿ ಪ್ರಭಾರ ಮುಖ್ಯಾಧ್ಯಾಪಕಿ. 'ಪ್ರಭಾರ' ಎಂದರೆ ಭಾರವೆಲ್ಲ ನನ್ನದು, ಅಧಿಕಾರ ಮತ್ತೆ ಯಾರದೋ ಎಂದು ತಿಳಿದರೆ ಸಾಕು. ಊರಿನವರಿಗೆ ನಾನು ಅಕ್ಕೋರು. ಈ ಕಡೆ ಮಾಸ್ತರಿಗೆ ಮಾಸ್ತರು ಎಂದೂ ಮಾಸ್ತರಿಣಿಗೆ ಅಕ್ಕೋರು ಎಂದೂ ಹೇಳುವುದು ಹಿಂದಿನಿಂದ ನಡೆದುಬಂದ ರೂಢಿ, ಮತ್ತು ಆ ಹೆಸರಿನಲ್ಲಿರುವ ಅಕ್ಕನನ್ನು ಊರಿನವರು ಗಂಭೀರವಾಗಿಯೇ ತೆಗೆದುಕೊಳ್ಳುತ್ತಾರೆ. ಬೆಳಿಗ್ಗೆ ಮಗುವನ್ನು ಜಗಲಿಗೆ ಹತ್ತಿಸಿದರೆಂದರೆ ಅವರ ಜವಾಬ್ದಾರಿ ಮುಗಿಯಿತು. ಆಮೇಲೆ ಅದರ ಮೂಗು ಒರೆಸುವುದರಿಂದ ಹಿಡಿದು ಅದರ ಪ್ರಾಣದವರೆಗೆ ಎಲ್ಲವೂ ಅಕ್ಕೋರದ್ದು.

ಇಲ್ಲಿನ ತಾಯಂದಿರಲ್ಲಿ ಹೆಚ್ಚಿನವರು ಹೊಳೆಯ ಕೆಸರಿನಲ್ಲಿ ಬಳಚು ಹೆಕ್ಕುವವರು. ಬಳಚೆಂದರೆ ಚಿಪ್ಪುಮೀನು, ನೀರು ಇಳಿದಾಗ ಹೊಳೆಯ ನಡುವೆ ಎದ್ದು ಕಾಣುವ ಮರಳುದಿಬ್ಬಗಳ ಮೇಲೆ ಬಗ್ಗಿ ನಿಂತು ಕೈಯಿಂದ, ಕಾಲಿನಿಂದ ತಡಕಿ ತೆಗೆಯಬೇಕು. ಮಳೆಗಾಲದಲ್ಲಿ ಹೊಳೆ ಕೆಂಪಾಗಿ ಸೊಕ್ಕಿ ಹರಿಯುವಾಗ ಆ ಕೆಲಸವಿಲ್ಲ. ಆದರೆ ನಡುವೆ ಮಳೆ ಹೊಳವಾಗಿ ನಾಲ್ಕು ದಿನ ಬಿಸಿಲು ಕಂಡರೆ, ಗದ್ದೆ ಕೆಲಸವೂ ಮುಗಿದಿದ್ದರೆ, ಎಲ್ಲರೂ ಒಂದೇ ದೋಣಿಯಲ್ಲಿ ದಿಬ್ಬಕ್ಕೆ ಹೋಗುತ್ತಾರೆ. ನೀರಿನ ಇಳಿತ ಯಾವ ಹೊತ್ತಿಗೋ ಅವರು ಮನೆ ಬಿಡುವುದೂ ಅದೇ ಹೊತ್ತಿಗೆ, ಅಂದರೆ ಮಕ್ಕಳು ಶಾಲೆಗೆ ಬರುವುದೂ ಅದೇ ಹೊತ್ತಿಗೆ. ಬೆಳಿಗ್ಗೆ ಬೇಗ ನೀರಿಳಿಯುವ ದಿನ ಮಕ್ಕಳು ನನಗಿಂತ ಮೊದಲೇ ಬಂದು ಜಗಲಿಯ ಮೇಲೆ ಕೂತು ಕಿತ್ತಾಡುತ್ತಿರುತ್ತಾರೆ. ನಮ್ಮ ಶಾಲೆಯ ಗಂಟೆಯನ್ನು ನಿಜವಾಗಿ ಹೊಡೆಯುವುದು ಚಂದ್ರ ಎಂದು ಒಮ್ಮೆ ಮುಖ್ಯಾಧ್ಯಾಪಕರ ಸಭೆಯಲ್ಲಿ ಹೇಳಿ ನಗೆಪಾಟಲಿಗೆ ಈಡಾಗಿದ್ದೇನೆ. ವೇಳಾಪಟ್ಟಿಯಲ್ಲಿ ಚಂದ್ರನಿಗೆ ಕಾಲಂ ಇಲ್ಲ.

ಇನ್ನು ಸುತ್ತೋಲೆಗಳ ಕಥೆ. ಬೀಗವನ್ನು ಎತ್ತಿ ಒಂದೊಂದಾಗಿ ತೆಗೆದು ಓದಿ ಹೇಳಬಲ್ಲೆ, ಆದರೆ ನಿಮ್ಮ ಮೇಲೆ ನನಗೆ ಅಂಥ ದ್ವೇಷವೇನೂ ಇಲ್ಲ. ಮಕ್ಕಳು ಜಗಲಿಯಲ್ಲಿ ಓಡಬಾರದು ಎಂದು ಒಂದು, ಮಕ್ಕಳನ್ನು ಗದರಿಸಬಾರದು ಎಂದು ಇನ್ನೊಂದು. ಗದರಿಸದೆ ಓಡದಂತೆ ಮಾಡುವುದು ಹೇಗೆಂದು ಹೇಳುವ ಮೂರನೆಯದು ಇನ್ನೂ ಬಂದಿಲ್ಲ. ಬೇಸಿಗೆಯಲ್ಲಿ ಮಕ್ಕಳು ನೀರು ಕುಡಿಯಲೆಂದು ದಿನಕ್ಕೆ ಕೆಲವು ಸಲ ನೀರಿನ ಗಂಟೆ ಬಾರಿಸಬೇಕು ಎಂಬುದು ಒಳ್ಳೆಯ ನಿಯಮವೇ, ಒಪ್ಪಿದೆ. ಆದರೆ ಅದನ್ನು ನಿಲ್ಲಿಸಲು ಯಾರೂ ಹೇಳದೆ ಇರುವುದರಿಂದ ಆಷಾಢದಲ್ಲಿಯೂ ಗಂಟೆ ಬಾರಿಸಿ ನೀರು ಕುಡಿಸುತ್ತೇವೆ, ಕುಡಿದ ಮಕ್ಕಳು ಸಾಲಾಗಿ ಮಳೆಯಲ್ಲಿ ಮೂತ್ರಾಲಯಕ್ಕೆ ಹೋಗಿ ನೆನೆದು ಬರುತ್ತವೆ. ಬೆಂಕಿ ಆರಿಸುವ ಕೆಂಪು ಸಿಲಿಂಡರು ಬಂದಿದೆ. ಮೂರು ಕಡೆ ನೀರಿರುವ ಶಾಲೆಗೆ ಒಂದು ತೇಲುವ ಟ್ಯೂಬು ಕೊಡಿ ಎಂದು ಕೇಳಿದ್ದಕ್ಕೆ ಅಂಥ ಬಾಬತ್ತು ಇಲ್ಲ ಎಂಬ ಉತ್ತರವೂ ಬಂದಿದೆ.

ಈ ಎಲ್ಲದರ ರಾಜನೆಂದರೆ ಮಳೆ ರಜೆ. ನಿಮ್ಮ ಊರಿನಲ್ಲಿ ಹೇಗೋ ಗೊತ್ತಿಲ್ಲ, ನಮ್ಮಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ಹೆಸರುಗಳು ರಜೆಯ ಆದೇಶದಲ್ಲಿ ಒಂದೇ ಉಸಿರಿಗೆ ಬರುತ್ತವೆ, ಮೂರೂ ಒಂದೇ ತಟ್ಟೆಯಲ್ಲಿ ಉಣ್ಣುವ ಅಣ್ಣತಮ್ಮಂದಿರೇನೋ ಎಂಬಂತೆ. ಭಟ್ಕಳದ ತೆಂಗಿನಗುಂಡಿಯ ಹತ್ತಿರ ಕಲಿಸುವ ನನ್ನ ಗೆಳತಿ ಶಾಹಿನಾ ಫೋನು ಮಾಡಿ, "ಇಲ್ಲಿ ಬಟ್ಟೆ ಒಣಗ್ತಾ ಉಂಟು, ನಿಮ್ಮಲ್ಲಿ ಎಂತ?" ಎಂದು ಕೇಳುವುದು, ನಾನು "ಇಲ್ಲಿ ಹಪ್ಪಳ ಹಾಕ್ಬಹುದು" ಎನ್ನುವುದು ನಮ್ಮ ನಡುವಿನ ಹಳೆಯ ಸಂಪ್ರದಾಯ. ಮಾರನೆಯ ದಿನ, ರಜೆ ಇಲ್ಲದ ದಿನ, ಆಕಾಶ ಒಡೆದು ಸುರಿಯುತ್ತದೆ. ಆದೇಶ ಬರೆಯುವವರನ್ನು ನಾನು ದೂರುವುದಿಲ್ಲ. ಘಟ್ಟದ ಬುಡದಲ್ಲಿ ಗುಡ್ಡ ಜರಿಯುವ ಊರುಗಳಿವೆ, ಮಕ್ಕಳು ಹಳ್ಳದ ಮೇಲಿನ ಕಾಲುಸಂಕ ದಾಟಬೇಕಾದ ಕೇರಿಗಳಿವೆ, ಅಲ್ಲೆಲ್ಲ ಆ ರಜೆ ಜೀವ ಉಳಿಸುತ್ತದೆ. ಒಂದೊಂದು ಕೇರಿಗೆ ಒಂದೊಂದು ಆದೇಶ ಬರೆಯಲು ಸಾಧ್ಯವಿಲ್ಲ ಎಂಬುದೂ ನನಗೆ ಗೊತ್ತು. ಆದರೆ ಆ ಆದೇಶ ನಮ್ಮ ಫೋನಿಗೆ ಬಂದು ಮುಟ್ಟುವುದು ಮಕ್ಕಳೆಲ್ಲ ಬಂದು ಕೂತು ಅಡುಗೆಯ ಗಿರಿಜಕ್ಕ ಅಕ್ಕಿ ತೊಳೆದಿಟ್ಟ ಮೇಲೆ, ಕೋಟೆ ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಅದರ ಬಾಲಕ್ಕೆ ಇನ್ನೊಂದು ಸಂದೇಶ ಕಟ್ಟಿಕೊಂಡಿರುತ್ತದೆ: ಶಾಲೆ ಮುಚ್ಚಿದ್ದಕ್ಕೆ ಸಾಕ್ಷಿಯಾಗಿ ಬೀಗ ಹಾಕಿದ ಬಾಗಿಲಿನ ಫೋಟೊವನ್ನು ಕೂಡಲೇ ವಾಟ್ಸಾಪ್ ಗುಂಪಿಗೆ ಹಾಕತಕ್ಕದ್ದು.

ಕಳೆದ ವರ್ಷ ಹಾಗೆ ಒಂದು ಆದೇಶ ಬಂದಾಗ ನಾನು ಅಕ್ಷರಶಃ ಪಾಲಿಸಿದೆ. ಮಕ್ಕಳನ್ನು ಸಾಲು ನಿಲ್ಲಿಸಿ, ಜೋಡಿ ಮಾಡಿ, ಮನೆಗೆ ಕಳಿಸಿ, ಬೀಗ ಹಾಕಿ, ಫೋಟೊ ತೆಗೆದು, ಗುಂಪಿಗೆ ಹಾಕಿ, ಸ್ಕೂಟಿ ಹತ್ತಿದೆ. ಹೊಳೆಯ ಕಟ್ಟೆಯ ಮೇಲಿನ ದಾರಿಯಲ್ಲಿ ಬರುವಾಗ ನೋಡುತ್ತೇನೆ, ನನ್ನ ಮಕ್ಕಳೆಲ್ಲ ಪಾಟಿಚೀಲ ಸಮೇತ ಅಲ್ಲಿದ್ದಾರೆ. ಮನೆಗೆ ಹೋದವರು ಅಲ್ಲಿಯೂ ಬೀಗ ನೋಡಿ, ತಾಯಿ ಎಲ್ಲಿರುತ್ತಾಳೆಂದು ಗೊತ್ತಿದ್ದುದರಿಂದ ನೇರವಾಗಿ ಹೊಳೆಗೆ ಬಂದಿದ್ದರು. ಆಗ ಒಂದನೆಯ ತರಗತಿಯಲ್ಲಿದ್ದ ನೇತ್ರಾ ಎಂಬ ಹುಡುಗಿ, ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು, ದೂರದ ದಿಬ್ಬದ ಮೇಲೆ ಬಗ್ಗಿದ್ದ ಹೆಂಗಸರಲ್ಲಿ ತನ್ನ ತಾಯಿ ಯಾರೆಂದು ಕಣ್ಣು ಕಿರಿದು ಮಾಡಿ ಹುಡುಕುತ್ತಾ, ಮೊಣಕಾಲಿನವರೆಗೆ ನೀರಿಗೆ ಇಳಿದಿದ್ದಳು. ಸ್ಕೂಟಿ ಎಲ್ಲಿ ಬಿತ್ತೋ, ನಾನು ಹೇಗೆ ಇಳಿದೆನೋ, ಅವಳ ಚೀಲದ ಪಟ್ಟಿ ನನ್ನ ಕೈಗೆ ಹೇಗೆ ಸಿಕ್ಕಿತೋ ದೇವರಿಗೇ ಗೊತ್ತು. ಸಂಜೆ ಅವಳ ತಾಯಿ ಮಾದೇವಿ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಮನೆಗೆ ಕಳ್ಸಿದ್ರಾ ಅಕ್ಕೋರೆ? ಮನೆಲಿ ಯಾರಿದ್ರು? ಬೆಕ್ಕು ಒಂದೇ ಇರುದು."

ಸುರಕ್ಷತೆಗಾಗಿ ಕೊಟ್ಟ ರಜೆ ಮಕ್ಕಳನ್ನು ಊರಿನಲ್ಲೇ ಅತಿ ಭದ್ರವಾದ ಕಟ್ಟಡದಿಂದ ಎಬ್ಬಿಸಿ ಊರಿನಲ್ಲೇ ಅತಿ ಅಪಾಯದ ಜಾಗಕ್ಕೆ ಕಳಿಸಿತ್ತು. ಇದನ್ನು ನಾನು ಸಭೆಯಲ್ಲಿ ಹೇಳಿದೆ. ನೀರಿನ ಬಳಿ ಹೋಗಬಾರದೆಂದು ಮಕ್ಕಳಿಗೆ ತಿಳಿವಳಿಕೆ ನೀಡಿ ಎಂದರು. ತಿಳಿವಳಿಕೆ! ನೀರಿನ ಬಳಿ ಹೋಗಬಾರದೆಂದರೆ ಈ ಮಕ್ಕಳು ಮನೆಯಿಂದ ಹೊರಗೆ ಕಾಲಿಡುವ ಹಾಗೇ ಇಲ್ಲ. ಕೋಪಕ್ಕೆ ನನ್ನ ಕಿವಿ ಬಿಸಿಯಾಯಿತು, ಆದರೆ ಚಹಾ ಬಂದಿತು, ಕುಡಿದು ಎದ್ದು ಬಂದೆ.

ಈ ವರ್ಷ ಮತ್ತೆ ಅಂಥದೇ ದಿನ. ಬೆಳಿಗ್ಗೆ ಒಂದು ಸಣ್ಣ ಸೋನೆ ಬಂದು ಹೋಗಿ, ಹೊಳವಾಗಿ, ಎಳೆಬಿಸಿಲು ಬಿದ್ದಿತ್ತು. ತಾಯಂದಿರೆಲ್ಲ ದಿಬ್ಬಕ್ಕೆ ಹೋಗಿದ್ದರು, ಮಕ್ಕಳು ಕೊಡೆಗಳನ್ನು ಬಿಡಿಸಿ ಜಗಲಿಯ ಉದ್ದಕ್ಕೂ ಒಣಗಲು ಇಟ್ಟಿದ್ದರು: ಕೆಂಪು, ಹಳದಿ, ಗೊಂಬೆಯ ಚಿತ್ರದವು, ಅಪ್ಪನ ಕಪ್ಪು ಕೊಡೆಗಳು. ಫೋನು ಗುರುಗುಟ್ಟಿತು. ಮೂರು ತಾಲ್ಲೂಕುಗಳಿಗೂ ರಜೆ. ಗಿರಿಜಕ್ಕ ಬಾಗಿಲಿಗೆ ಬಂದು ನಿಂತಳು.

"ಅಕ್ಕಿ ತೊಳ್ದಿಟ್ಟಾತು ಅಕ್ಕೋರೆ. ಈಗ ಎಂತ ಮಾಡುದು?"

"ಬೇಯಿಸು" ಎಂದೆ. ರಜೆಯ ದಿನ ಊಟ ಹಾಕಿದರೆ ಲೆಕ್ಕ ಎಲ್ಲಿ ಬರೆಯುವುದು ಎಂಬ ಚಿಂತೆಯನ್ನು ನಾಳೆಗೆ ಇಟ್ಟುಕೊಂಡೆ. ನಮ್ಮ ಇನ್ನೊಬ್ಬ ಮಾಸ್ತರು ಅಂದು ಇರಲಿಲ್ಲ. ವಿಪತ್ತು ನಿರ್ವಹಣೆಯ ತರಬೇತಿಗೆ ಹೋಗಿದ್ದರು, ಆ ತರಬೇತಿಗೆ ಮಳೆ ರಜೆ ಅನ್ವಯಿಸುವುದಿಲ್ಲವಂತೆ. ಮಕ್ಕಳನ್ನು ಕಳಿಸುವ ಪ್ರಶ್ನೆಯೇ ಇರಲಿಲ್ಲ. ಆದರೆ ಬೀಗದ ಫೋಟೊ ಹಾಕದಿದ್ದರೆ ಮಧ್ಯಾಹ್ನದೊಳಗೆ ಕಾರಣ ಕೇಳುವ ನೋಟಿಸು ಬರುವುದೂ ಅಷ್ಟೇ ಖಚಿತ. ಅತ್ತ ದರಿ, ಇತ್ತ ಪುಲಿ. ಹಿಂದಿನ ಬಾಗಿಲು ಅಡುಗೆಕೋಣೆಯ ಕಡೆ ತೆರೆದೇ ಇತ್ತಲ್ಲ. ಮುಂಬಾಗಿಲಿಗೆ ಬೀಗ ಜಡಿದು, ಅಂಗಳಕ್ಕೆ ಇಳಿದು, ಒಂದು ಫೋಟೊ ತೆಗೆದು ಗುಂಪಿಗೆ ಹಾಕಿ, ಹಿಂದಿನಿಂದ ಒಳಗೆ ಬಂದು ಮಗ್ಗಿ ಶುರುಮಾಡಿದೆ. ಗುಂಪಿನಲ್ಲಿ ಸಾಲು ಸಾಲಾಗಿ ಹೆಬ್ಬೆರಳುಗಳು ಎದ್ದವು.

ಎರಡರ ಮಗ್ಗಿ ಮುಗಿಯುವುದರೊಳಗೆ ಫೋನು ಬಂತು. ಸುತ್ತಮುತ್ತಲಿನ ಶಾಲೆಗಳ ಮೇಲುಸ್ತುವಾರಿ ನೋಡುವ ಸಿಆರ್‌ಪಿಯವರು. ಕೆಟ್ಟವರಲ್ಲ, ಇದೇ ಕಡೆಯವರು, ನನ್ನ ಹಾಗೆಯೇ ಮೇಲಿನವರಿಗೂ ಕೆಳಗಿನವರಿಗೂ ನಡುವೆ ಸಿಕ್ಕಿ ನುಗ್ಗಾದವರು.

"ಅಕ್ಕೋರೆ, ಫೋಟೊ ನೋಡ್ದೆ. ಬೀಗ ಚೆಂದ ಬಂದದೆ. ಮತ್ತೆ ಆ ಕೊಡೆಗಳು ಎಂತಕ್ಕೆ?"

ನಾನು ಫೋಟೊ ತೆರೆದು ನೋಡಿದೆ. ಬೀಗ ಹಾಕಿದ ಬಾಗಿಲು, ಅದರ ಎರಡೂ ಕಡೆ ಜಗಲಿ ತುಂಬ ಬಿಡಿಸಿಟ್ಟ ಕೊಡೆಗಳು. ಅಷ್ಟು ಹೆಬ್ಬೆರಳು ಎತ್ತಿದವರಲ್ಲಿ ಒಬ್ಬರೂ ಅದನ್ನು ನೋಡಿರಲಿಲ್ಲ. ಬೀಗ ಕಂಡಿತು, ಬೆರಳು ಎತ್ತಿದರು.

"ನಾ ಎಂತದೂ ಕೇಳುದಿಲ್ಲ, ನೀವು ಎಂತದೂ ಹೇಳುದೂ ಬ್ಯಾಡ. ಕೊಡೆ ಒಳಗೆ ತಗೊಂಡು ಇನ್ನೊಂದು ಹಾಕಿ. ಮೇಲಿನವ್ರು ಯಾರಾದ್ರೂ ಈ ಬದಿಗೆ ಬಂದ್ರೆ ಕಷ್ಟ" ಎಂದು ಫೋನು ಇಟ್ಟರು.

ಹಿಂದಿನಿಂದ ಹೋಗಿ ಕೊಡೆಗಳನ್ನೆಲ್ಲ ಮಡಿಸಿ ತಂದು ತರಗತಿಯ ಮೂಲೆಯಲ್ಲಿ ರಾಶಿ ಹಾಕಿಸಿದೆ. ಖಾಲಿ ಜಗಲಿಯ ಹೊಸ ಫೋಟೊ ಹಾಕಿದೆ. ಅದು ನಿಜವಾಗಿಯೂ ಸುಂದರವಾಗಿತ್ತು, ಮಕ್ಕಳೇ ಇಲ್ಲದ ಶಾಲೆಗಳ ಸೌಂದರ್ಯವೇ ಬೇರೆ. ಆಮೇಲೆ ಮಕ್ಕಳಿಗೆ ಹೇಳಿದೆ: ಇವತ್ತು ಬಾಯಿಪಾಠ ಬೇಡ, ಚಿತ್ರ ಬರೆಯಿರಿ, ಯಾರು ಬಾಗಿಲು ಬಡಿದರೂ ಉಸಿರೆತ್ತಬೇಡಿ. ನನ್ನ ಇಷ್ಟು ವರ್ಷಗಳ ಸೇವೆಯಲ್ಲಿ ಮಕ್ಕಳು ಒಂದು ಮಾತನ್ನು ಪೂರ್ತಿಯಾಗಿ ಕೇಳಿದ್ದರೆ ಅದು ಅಂದು ಮಾತ್ರ. ಶಿಸ್ತಿನ ಸುತ್ತೋಲೆ ಬರೆದವರು ಬಂದು ನೋಡಿದ್ದರೆ ಆನಂದಬಾಷ್ಪ ಸುರಿಸುತ್ತಿದ್ದರು.

ಅಷ್ಟರಲ್ಲಿ ಬಿಸಿಲು ಮಾಯವಾಗಿ ಮಳೆ ಹಿಡಿಯಿತು. ನೀರೂ ಏರಲು ಶುರುವಾಗಿತ್ತು. ನಾನು ಅಡುಗೆಕೋಣೆಯಲ್ಲಿ ಗಿರಿಜಕ್ಕನೊಡನೆ ಅನ್ನ ಬಸಿಯಲು ಕೈಕೊಡುತ್ತಿದ್ದೆ. ತಗಡಿನ ಮೇಲೆ ಮಳೆಯ ಆರ್ಭಟಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಆ ಗದ್ದಲದ ಒಳಗಿಂದ ಇನ್ನೊಂದು ಸದ್ದು ಕೇಳಿದಂತಾಯಿತು, ಯಾರೋ ಬಾಗಿಲನ್ನು ಗುದ್ದುತ್ತಿರುವಂತೆ. ಮೇಲಿನವರು ಬಂದರೆಂದೇ ಎಣಿಸಿ, ನಿಜ ಹೇಳುತ್ತೇನೆ, ಒಂದು ಗಳಿಗೆ ಕದಲದೆ ನಿಂತೆ. ಮತ್ತೆ ತಡೆಯಲಾರದೆ ತರಗತಿಗೆ ಓಡಿದೆ. ಮಕ್ಕಳೆಲ್ಲ ಕೂತಲ್ಲೇ ಕೂತು, ಬಾಯಿಯ ಮೇಲೆ ಬೆರಳಿಟ್ಟುಕೊಂಡು, ನನ್ನನ್ನೇ ನೋಡುತ್ತಿದ್ದರು. ಗುದ್ದುವ ಸದ್ದು ನಿಂತಿತ್ತು. ಮಳೆಗೆಂದು ಮುಚ್ಚಿದ್ದ ಕಿಟಕಿಯನ್ನು ತೆರೆದು ನೋಡಿದರೆ, ಪೂರ್ತಿ ಒದ್ದೆಯಾಗಿ ಎದೆಯವರೆಗೆ ಕೆಸರು ಮೆತ್ತಿದ ಒಬ್ಬ ಹೆಂಗಸು ಅಂಗಳ ದಾಟಿ ಕಟ್ಟೆಯ ಕಡೆಗೆ, ಹೊಳೆಯ ಕಡೆಗೆ, ಓಡುತ್ತಿದ್ದಳು. ಮಾದೇವಿ.

"ಮಾದೇವೀ!" ಎಂದು ಕೂಗಿದೆ. ಮಳೆ ನನ್ನ ಕೂಗನ್ನು ನುಂಗಿಹಾಕಿತು. ಮುಂಬಾಗಿಲಿಗೆ ನಾನೇ ಜಡಿದ ಬೀಗ. ಹಿಂದಿನಿಂದ ಸುತ್ತಿ ಹೋಗುವುದರೊಳಗೆ ಅವಳು ನೀರಿಗೆ ಇಳಿದಿರುತ್ತಾಳೆ. ಆಗ ನೇತ್ರಾ ಎದ್ದಳು. ನನ್ನ ಅಪ್ಪಣೆ ಕೇಳಲಿಲ್ಲ, ಮೂಲೆಯ ರಾಶಿಯೊಳಗೆ ಕೈಹಾಕಿ ತನ್ನ ಕೊಡೆಯನ್ನು ಎಳೆದು ತೆಗೆದಳು. ಅದನ್ನು ಕಿಟಕಿಯ ಸರಳುಗಳ ನಡುವೆ ಹೊರಗೆ ತೂರಿಸಿ, ಗುಂಡಿ ಒತ್ತಿದಳು. ಕಡ್ಡಿಯೊಂದು ಮುರಿದ ಆ ಹಳದಿ ಕೊಡೆ ಮಳೆಯಲ್ಲಿ ಪಟ್ಟನೆ ಬಿಚ್ಚಿಕೊಂಡಿತು.

"ಕೂಗ್ರೋ ಎಲ್ರೂ!" ಎಂದೆ. ಶಾಲೆಗೆ ಶಾಲೆಯೇ ಕೂಗಿತು. ಅದುವರೆಗೆ ಅದುಮಿಟ್ಟುಕೊಂಡಿದ್ದ ಅಷ್ಟೂ ಉಸಿರು ಒಮ್ಮೆಲೇ ಹೊರಗೆ ಬಂತು. ಕಟ್ಟೆಯ ಮೇಲೆ ಹತ್ತಿದ್ದ ಮಾದೇವಿ ತಿರುಗಿ ನೋಡಿದಳು, ಮತ್ತು ಅಲ್ಲಿಯೇ, ಮಳೆಯಲ್ಲಿ, ಕುಸಿದು ಕೂತಳು.

ಅವಳನ್ನು ಹಿಂದಿನ ಬಾಗಿಲಿನಿಂದ ಒಳಗೆ ಕರೆತಂದು, ಗಿರಿಜಕ್ಕ ಬಿಸಿಗಂಜಿ ಕೊಟ್ಟು, ಮಗಳು ಮಡಿಲು ಬಿಟ್ಟು ಏಳದೆ ಕೂತ ಮೇಲೆ, ನನಗೆ ವಿಷಯ ತಿಳಿಯಿತು. ದಿಬ್ಬದ ಮೇಲಿನಿಂದ ಶಾಲೆಯ ಜಗಲಿ ಕಾಣುತ್ತದೆ. ಮಕ್ಕಳ ಮುಖ ಕಾಣುವುದಿಲ್ಲ, ಗಂಟೆ ಕೇಳುವುದಿಲ್ಲ, ಆದರೆ ಕೊಡೆಗಳ ಬಣ್ಣ ಕಾಣುತ್ತದೆ. ಬಗ್ಗಿ ಬಗ್ಗಿ ಸೊಂಟ ನೋವಾದಾಗ ತಲೆಯೆತ್ತಿ ಒಮ್ಮೆ ಆ ಕಡೆ ನೋಡುವುದು, ಕೊಡೆಗಳು ಇದ್ದರೆ ಮಕ್ಕಳು ಇದ್ದಾರೆ ಎಂದು ಮತ್ತೆ ಬಗ್ಗುವುದು, ಇದು ಮಳೆಗಾಲದಲ್ಲಿ ಹೊಳೆಗಿಳಿಯುವ ಎಲ್ಲ ತಾಯಂದಿರ ಪದ್ಧತಿ. ಇಷ್ಟು ವರ್ಷ ಆ ಜಗಲಿಯಲ್ಲಿ ಓಡಾಡಿದ ನನಗೆ ಯಾರೂ ಹೇಳಿರಲಿಲ್ಲ, ಹೇಳುವಂಥದ್ದು ಅದರಲ್ಲಿ ಏನಿದೆ ಎಂದು. ಅಂದು ಅವಳು ತಲೆಯೆತ್ತಿದಾಗ ಜಗಲಿ ಬರಿದಾಗಿತ್ತು. ಕಳೆದ ವರ್ಷದ ರಜೆ ನೆನಪಾಯಿತು. ದೋಣಿ ಬರಲೆಂದು ಉಳಿದವರು ಕಾದರು. ಅವಳು ಕಾಯಲಿಲ್ಲ, ಏರುವ ನೀರಿನಲ್ಲಿಯೇ ದಾಟಿ ಬಂದಳು. ಬಂದರೆ ಬೀಗ, ಗುದ್ದಿದರೆ ಮೌನ. ಮಗಳು ಹೊಳೆಗೆ ಹೋದಳೆಂದು ತಿರುಗಿ ಹೊಳೆಗೇ ಓಡಿದಳು.

ಮೇಲಿನವರ ಕಣ್ಣಿಗೆ ಮಣ್ಣೆರಚಲು ಮಾಡಿದ ಏರ್ಪಾಡು ಮೇಲಿನವರಿಗೆ ತಾಗಲೇ ಇಲ್ಲ. ಅವರು ನೋಡುವುದು ಬೀಗವನ್ನು. ಆ ಬೀಗದ ಆಚೆ ಯಾರಿದ್ದಾರೆ, ಈಚೆ ಯಾರಿದ್ದಾರೆ ಎಂಬುದು ಅವರ ಪ್ರಶ್ನೆಯೇ ಅಲ್ಲ. ಆ ಶಾಲೆಯನ್ನು ನಿಜವಾಗಿ ಕಣ್ಣಿಟ್ಟು ನೋಡುತ್ತಿದ್ದವರು ಅರ್ಧ ಹೊಳೆಯ ಆಚೆ ನಿಂತ ತಾಯಂದಿರು, ಮಣ್ಣು ಬಿದ್ದದ್ದು ಅವರ ಕಣ್ಣಿಗೆ. ಇದನ್ನು ಬರೆಯುವಾಗಲೂ ನನಗೆ ಸಿಟ್ಟು ಬರುತ್ತದೆ. ಯಾರ ಮೇಲೆಂದು ಕೇಳಿದರೆ ಬೆರಳು ಮಾಡಿ ತೋರಿಸಲು ಒಬ್ಬರೂ ಸಿಗುವುದಿಲ್ಲ; ರಜೆ ಕೊಟ್ಟವರು ಮಕ್ಕಳ ಒಳ್ಳೆಯದಕ್ಕೇ ಕೊಟ್ಟರು, ಸಿಆರ್‌ಪಿ ನನ್ನ ಒಳ್ಳೆಯದಕ್ಕೇ ಹೇಳಿದರು, ನಾನು ಎಲ್ಲರ ಒಳ್ಳೆಯದಕ್ಕೇ ಮಾಡಿದೆ. ಇಷ್ಟೆಲ್ಲ ಒಳ್ಳೆಯದು ಕೂಡಿ ಒಬ್ಬ ತಾಯಿಯನ್ನು ಇನ್ನೇನು ಹೊಳೆಪಾಲು ಮಾಡುತ್ತಿತ್ತು.

ಮಾದೇವಿ ಮಾತ್ರ ಸಿಟ್ಟು ಮಾಡಲಿಲ್ಲ. ಗಂಜಿ ಮುಗಿಸಿ, ಬಟ್ಟಲು ತೊಳೆದಿಟ್ಟು, ಹೊರಡುವಾಗ ಹೇಳಿದಳು.

"ಬೀಗ ಬೇಕಾದ್ರೆ ಹಾಕ್ಕಣಿ ಅಕ್ಕೋರೆ, ನಿಮ್ಗೂ ಮೇಲಿನವ್ರ ಕಾಟ ಇರ್ತದೆ. ಕೊಡೆ ಮಾತ್ರ ತೆಗಿಬ್ಯಾಡಿ."

ಅಂದು ಸಂಜೆ ಬೀಗ ತೆಗೆಯಲು ಹೋದರೆ ಕೀಲಿ ತಿರುಗಲಿಲ್ಲ. ಉಪ್ಪುಗಾಳಿಗೆ ತುಕ್ಕು ಹಿಡಿದ ಬೀಗ, ವಾರಕ್ಕೊಮ್ಮೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದೆ, ಆ ವಾರ ಮರೆತಿದ್ದೆ. ನೇತ್ರಾಳ ಅಪ್ಪ ಗರಗಸ ತಂದು ಕೊಯ್ದುಕೊಟ್ಟ. ಹೊಸ ಬೀಗ ಬೇಕೆಂದು ಮೇಲಕ್ಕೆ ಬರೆದಿದ್ದೇನೆ, ಬಾಬತ್ತು ಯಾವುದೆಂದು ಅವರು ಹುಡುಕುತ್ತಿದ್ದಾರೆ. ಅದು ಬರುವವರೆಗೆ ಬೀಗದ ಫೋಟೊ ಹಾಕಲಾಗುವುದಿಲ್ಲ ಎಂದು ವಿನಯದಿಂದ ತಿಳಿಸಿದ್ದೇನೆ. ಹುಡುಕಲಿ, ನನಗೇನೂ ಅವಸರವಿಲ್ಲ. ಭಾನುವಾರ ಬೆಳಿಗ್ಗೆ ಸಾಮಾನು ತರಲು ಹೋದಾಗ ಒಂದು ಬೀಗ ಕೊಳ್ಳುವಷ್ಟು ಚಿಲ್ಲರೆ ನನ್ನ ಪರ್ಸಿನಲ್ಲೇ ಇರುತ್ತದೆ ಎಂಬುದನ್ನು ನೀವು ಯಾರಿಗೂ ಹೇಳಬೇಡಿ.

ಈಗಲೂ ಮೂರು ತಾಲ್ಲೂಕುಗಳಿಗೆ ಒಟ್ಟಿಗೆ ರಜೆ ಬರುತ್ತದೆ, ಈಗಲೂ ಹೊತ್ತು ಮೀರಿಯೇ ಬರುತ್ತದೆ. ಹಳೆಯ ಬೀಗ ಹೊಸ ಆದೇಶವನ್ನೂ ತನ್ನ ಕೆಳಗೆ ಸೇರಿಸಿಕೊಂಡು ಸುಮ್ಮನೆ ಕೂತಿರುತ್ತದೆ. ನಾನು ಬೆಳಿಗ್ಗೆ ಬಂದ ಕೂಡಲೇ, ಮಳೆ ಇರಲಿ ಇಲ್ಲದಿರಲಿ, ಎಲ್ಲಕ್ಕಿಂತ ಮೊದಲು ನನ್ನ ಕೊಡೆಯನ್ನು ಬಿಡಿಸಿ ಜಗಲಿಯ ಮೇಲೆ ಇಡುತ್ತೇನೆ. ಮಕ್ಕಳು ಅದರ ಪಕ್ಕದಲ್ಲಿ ತಮ್ಮದನ್ನು ಇಡುತ್ತಾ ಹೋಗುತ್ತಾರೆ. ಆಮೇಲೆ ಕಂಬಕ್ಕೆ ಒರಗಿ ಒಂದಿಷ್ಟು ಹೊತ್ತು ಹೊಳೆಯನ್ನು ನೋಡುತ್ತೇನೆ. ದೂರದ ದಿಬ್ಬದ ಮೇಲೆ ಯಾರೋ ಒಬ್ಬಳು ಸೊಂಟ ನೆಟ್ಟಗೆ ಮಾಡಿ ನಿಂತು, ಈ ಕಡೆಗೊಮ್ಮೆ ನೋಡಿ, ಮತ್ತೆ ಬಗ್ಗುತ್ತಾಳೆ.